ಮೇಲೆ ಏಳು, ಕೆಳಗೆ ನೂರು

ಕೆಜಿಎಫ್‌ನಲ್ಲಿ ನಂಬರು ಹಚ್ಚಿದ ರಸ್ತೆಜಾಲಗಳು ಎರಡಿವೆ. ನೆಲದ ಮೇಲಿನದು ಎಲ್ಲರ ಕಣ್ಣಿಗೂ ಬೀಳುವಂಥದ್ದು. ಮಾಲೂರು, ಬಂಗಾರಪೇಟೆಗಳ ಹೊಲಗಳನ್ನು ಸೀಳಿಕೊಂಡು ಬೇತಮಂಗಲದತ್ತ ಹೋಗುವ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇಗೆ ಸರ್ಕಾರಿ ಕಾಗದದಲ್ಲಿ ಎನ್‌ಇ-7 ಎಂದು ಹೆಸರು. ಅದರ ಉತ್ತರಕ್ಕೆ ಕೋಲಾರ, ಮುಳಬಾಗಿಲುಗಳನ್ನು ಜೋಡಿಸುವ ಎನ್‌ಎಚ್-75 ಇದೆ. ಇನ್ನೊಂದು ಜಾಲ ಇರುವುದು ಕಾಲಡಿಯಲ್ಲಿ. 1880ರಲ್ಲಿ ಚಿನ್ನ ತೆಗೆಯಲು ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂದಂದಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಬಂಡೆಯೊಳಗೆ ಕೊರೆದ ಸುರಂಗಗಳ ಒಟ್ಟು ಉದ್ದ ಸಾವಿರ ಕಿಲೊಮೀಟರ್‌ಗೂ ಹೆಚ್ಚು. ಅವಕ್ಕೂ ನಂಬರುಗಳಿದ್ದವು. ಎರಡರಲ್ಲಿ ಯಾವ ನಂಬರು ಜನರ ಉಪಯೋಗಕ್ಕೆ ಹೆಚ್ಚು ಬಿತ್ತು ಎಂದು ಕೇಳಿದರೆ ನಾನು ಕತ್ತಲೊಳಗಿನ ನಂಬರಿಗೇ ಮತ ಹಾಕುವವನು. ಕಾರಣ ಹೇಳುವುದಕ್ಕೆ ಮೊದಲು ಮುಳಬಾಗಿಲಿಗೊಮ್ಮೆ ಹೋಗಿ ಬರಬೇಕು.

ಮುಳಬಾಗಿಲಿನಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುತ್ತವೆ. ಒಂದು, ಬಂಟ್ವಾಳದಲ್ಲಿ ಹೊರಟು ಹಾಸನ, ಬೆಂಗಳೂರು, ಕೋಲಾರ ದಾಟಿ ಬಂದ 75. ಇನ್ನೊಂದು, ಹೊನ್ನಾವರದಿಂದ ಶಿವಮೊಗ್ಗ, ಶಿರಾ, ಚಿಕ್ಕಬಳ್ಳಾಪುರ, ಚಿಂತಾಮಣಿ, ಶ್ರೀನಿವಾಸಪುರ ಎಂದು ರಾಜ್ಯದ ಅಗಲವನ್ನೆಲ್ಲ ಅಳೆದು ಬಂದ 69. ಇಲ್ಲಿಂದ 69 ನಂಗಲಿ ಮೇಲೆ ಚಿತ್ತೂರಿಗೆ ಹೋಗುತ್ತದೆ, 75 ವಿ.ಕೋಟದ ಮೇಲೆ ವೆಲ್ಲೂರಿನ ಕಡೆ ಇಳಿಯುತ್ತದೆ. ಈ ನಂಬರುಗಳನ್ನು ಯಾರೋ ಚೀಟಿ ಎತ್ತಿ ಕೊಟ್ಟದ್ದಲ್ಲ. 2010ರಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ದೇಶದ ಹೆದ್ದಾರಿಗಳಿಗೆಲ್ಲ ಹೊಸದಾಗಿ ನಂಬರು ಕೊಟ್ಟಿತು. ಪೂರ್ವ-ಪಶ್ಚಿಮವಾಗಿ ಓಡುವ ಹೆದ್ದಾರಿಗೆ ಬೆಸ ಸಂಖ್ಯೆ. ಉತ್ತರದಿಂದ ದಕ್ಷಿಣಕ್ಕೆ ಬಂದಂತೆಲ್ಲ ಅದು ಏರುತ್ತದೆ. ಉತ್ತರ-ದಕ್ಷಿಣವಾಗಿ ಓಡುವ ಹೆದ್ದಾರಿಗೆ ಸಮ ಸಂಖ್ಯೆ; ಅದು ಪೂರ್ವದಿಂದ ಪಶ್ಚಿಮಕ್ಕೆ ಏರುತ್ತದೆ. ಹಾಗಾಗಿ ಕೋಲ್ಕತ್ತದಿಂದ ಚೆನ್ನೈಗೆ ಬರುವ ಪೂರ್ವ ಕರಾವಳಿಯ ರಸ್ತೆ 16, ಶ್ರೀನಗರದಿಂದ ಕನ್ಯಾಕುಮಾರಿಗೆ ಇಳಿಯುವ ನಡುವಿನ ರಸ್ತೆ 44, ನಮ್ಮ ಕಾರವಾರ-ಉಡುಪಿ-ಮಂಗಳೂರಿನ ಕರಾವಳಿ ರಸ್ತೆ 66. ಹೊನ್ನಾವರ ಮಂಗಳೂರಿಗಿಂತ ಉತ್ತರಕ್ಕಿರುವುದರಿಂದ ಅಲ್ಲಿ ಹೊರಟದ್ದು 69. ಮಂಗಳೂರು-ತುಮಕೂರು ರಸ್ತೆ 73. ಬಂಟ್ವಾಳ-ಬೆಂಗಳೂರು ರಸ್ತೆ 75. ಮೂರಂಕಿಯ ಹೆದ್ದಾರಿಗಳು ಇವುಗಳ ಕವಲುಗಳು. ಬಂಟ್ವಾಳದಲ್ಲಿ 75ನ್ನು ಬಿಟ್ಟು ಮಡಿಕೇರಿ, ಮೈಸೂರು ಸುತ್ತಿ ಬೆಂಗಳೂರು ಸೇರುವ ರಸ್ತೆ 275 ಆದದ್ದು ಹೀಗೆ.

ಅಂದರೆ ಎರಡಂಕಿಯ ಆ ಸಂಖ್ಯೆಯೊಳಗೆ ದಿಕ್ಕು ಮತ್ತು ಸ್ಥಾನ ಎರಡೂ ಅಡಗಿವೆ. ನಕಾಶೆ ಇಲ್ಲದ ಲಾರಿ ಚಾಲಕನೊಬ್ಬ ಹಳದಿ ತಲೆಯ ಕಿಲೊಮೀಟರ್ ಕಲ್ಲಿನ ಮೇಲೆ 75 ಎಂದು ಓದಿದರೆ, ತಾನು ದೇಶದ ದಕ್ಷಿಣ ಭಾಗದಲ್ಲಿ ಪೂರ್ವಕ್ಕೋ ಪಶ್ಚಿಮಕ್ಕೋ ಹೋಗುತ್ತಿದ್ದೇನೆ ಎಂದು ತಿಳಿಯಬಹುದು. ಗಣಿತದ ಭಾಷೆಯಲ್ಲಿ ಹೇಳುವುದಾದರೆ ಇದು ಒರಟಾದ ನಿರ್ದೇಶಾಂಕ ಪದ್ಧತಿ. (ಕಲ್ಲಿನ ತಲೆ ಹಸಿರಾಗಿದ್ದರೆ ಅದು ರಾಜ್ಯ ಹೆದ್ದಾರಿ. ಇದನ್ನು ಶಾಲೆಯಲ್ಲಿ ಯಾರೂ ಹೇಳಿಕೊಡುವುದಿಲ್ಲ, ಬಸ್ಸಿನ ಕಿಟಕಿಯೇ ಕಲಿಸಬೇಕು.)

ಪದ್ಧತಿ ಚೆನ್ನಾಗಿದೆ. ಬದಲಾವಣೆಯ ರೀತಿ ಮಾತ್ರ ಅಷ್ಟು ಚೆನ್ನಾಗಿರಲಿಲ್ಲ. 2010ಕ್ಕೆ ಮೊದಲಿನ ನಂಬರುಗಳು ಹೆಚ್ಚುಕಡಿಮೆ ಹಾಜರಿ ಪುಸ್ತಕದ ಕ್ರಮದವು. ಮುಂಬೈ ಕಡೆಯಿಂದ ಬೆಂಗಳೂರು, ಕೋಲಾರದ ಮೇಲೆ ಚೆನ್ನೈಗೆ ಹೋಗುತ್ತಿದ್ದದ್ದು 4. ನೆಲಮಂಗಲದಲ್ಲಿ ಅದರಿಂದ ಒಡೆದು ಹಾಸನದ ಮೇಲೆ ಮಂಗಳೂರಿಗೆ ಹೋಗುತ್ತಿದ್ದದ್ದು 48. ಹೊಸ ಪದ್ಧತಿಯಲ್ಲಿ ಹಾಸನದ ರಸ್ತೆ 75 ಆಯಿತು. ಅದೇ ನೆಲಮಂಗಲದಲ್ಲಿ ಪಕ್ಕದ ತುಮಕೂರು ರಸ್ತೆಗೆ 48 ಬಂತು! ಮೊನ್ನೆಯವರೆಗೆ ಎಡಕ್ಕೆ ತಿರುಗಬೇಕಿದ್ದ ನಂಬರು ಇಂದು ಬಲಕ್ಕೆ ಹೋಗುತ್ತದೆ ಎಂದರೆ ಚಾಲಕ ಯಾವುದನ್ನು ನಂಬಬೇಕು? ಅಮೆರಿಕದವರು 1950ರ ದಶಕದಲ್ಲಿ ಇಂಟರ್‌ಸ್ಟೇಟ್ ಹೆದ್ದಾರಿಗಳಿಗೆ ನಂಬರು ಕೊಡುವಾಗ ಇದೇ ತೊಡಕನ್ನು ಮೊದಲೇ ಊಹಿಸಿದ್ದರು. 1926ರ ಹಳೆಯ ಪದ್ಧತಿಯಲ್ಲಿ ಸಣ್ಣ ನಂಬರುಗಳು ಪೂರ್ವ ಮತ್ತು ಉತ್ತರದಲ್ಲಿದ್ದವು. ಹೊಸದರಲ್ಲಿ ಬೇಕೆಂದೇ ಅದನ್ನು ತಿರುವುಮುರುವು ಮಾಡಿ ಸಣ್ಣ ನಂಬರುಗಳನ್ನು ಪಶ್ಚಿಮ ಮತ್ತು ದಕ್ಷಿಣದಲ್ಲಿಟ್ಟರು. ಒಂದೇ ನಂಬರಿನ ಹಳೆ ರಸ್ತೆ, ಹೊಸ ರಸ್ತೆ ಎರಡೂ ಅಕ್ಕಪಕ್ಕ ಬರಬಾರದು ಎಂಬುದು ಉದ್ದೇಶ.

ಕೋಲಾರದ ಜನ ಈ ಗೊಂದಲಕ್ಕೆ ತಲೆ ಕೊಡಲೇ ಇಲ್ಲ. ಹಿರಿಯರ ಬಾಯಲ್ಲಿ ಅದು ಇವತ್ತಿಗೂ ‘ಎನ್‌ಎಚ್ ಫೋರ್’. ಉಳಿದವರಿಗೆ ಕೋಲಾರದಲ್ಲಿ ನಿಂತರೆ ಅದು ಬೆಂಗಳೂರು ರೋಡು, ಕೆ.ಆರ್.ಪುರದಲ್ಲಿ ನಿಂತರೆ ಹಳೇ ಮದ್ರಾಸ್ ರೋಡು. ಫಿಲಿಪ್ಪೀನ್ಸ್‌ನ ಮನಿಲಾ ನಗರದ ಮುಖ್ಯ ರಸ್ತೆಗಳಿಗೆ ಬಹಳ ಅಚ್ಚುಕಟ್ಟಾದ ನಂಬರುಗಳಿವೆ: ನಗರದ ನಡುವಿನಿಂದ ಹೊರಡುವ ಹತ್ತು ರಸ್ತೆಗಳು ಆರ್-1ರಿಂದ ಆರ್-10, ಸುತ್ತುವ ಆರು ವರ್ತುಲ ರಸ್ತೆಗಳು ಸಿ-1ರಿಂದ ಸಿ-6. ಆದರೆ ಸಿ-4ರ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದವರು ಯಾರೂ ಸಿ-4 ಎನ್ನುವುದಿಲ್ಲ, ‘ಎಡ್ಸಾ’ ಎನ್ನುತ್ತಾರೆ. ನಂಬರು ಬೇಕಾಗುವುದು ದೂರದಿಂದ ಬಂದವನಿಗೆ. ಊರಿನವನಿಗೆ ದಾರಿ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದಷ್ಟೇ ಸಾಕು.

ಇನ್ನು ಎನ್‌ಇ-7. ಇದು ಬೆಸ ಸಂಖ್ಯೆ, ರಸ್ತೆಯೂ ಪೂರ್ವ-ಪಶ್ಚಿಮ. ಹಾಗಾದರೆ ಇಲ್ಲೂ ಅದೇ ನಿಯಮ ಎಂದುಕೊಂಡರೆ ಮೋಸಹೋಗುತ್ತೀರಿ. ಎಕ್ಸ್‌ಪ್ರೆಸ್‌ವೇಗಳ ಪಟ್ಟಿಯಲ್ಲಿ ಅಹಮದಾಬಾದ್-ವಡೋದರಾ 1, ದೆಹಲಿ-ಮುಂಬೈ 4, ದೆಹಲಿಯಿಂದ ಉತ್ತರಕ್ಕೆ ಕಟ್ರಾಕ್ಕೆ ಹೋಗುವುದು 5, ಲಖನೌ-ಕಾನ್ಪುರ 6. ಮತ್ತೆ ಹಾಜರಿ ಪುಸ್ತಕಕ್ಕೇ ಮರಳಿದ್ದೇವೆ. ಏಳರೊಳಗೆ ಬಂಗಾರಪೇಟೆಯ ಯಾವ ಸುಳಿವೂ ಇಲ್ಲ.

ರಸ್ತೆಯ ಆಕಾರದಲ್ಲೂ ಬಂಗಾರಪೇಟೆಯ ಸುಳಿವು ಕಡಿಮೆಯೇ. ಹೊಸಕೋಟೆಯಿಂದ ಶ್ರೀಪೆರಂಬದೂರಿನವರೆಗೆ ಸುಮಾರು 260 ಕಿ.ಮೀ. ಉದ್ದದ ಈ ರಸ್ತೆಯಲ್ಲಿ ಕರ್ನಾಟಕದ ಪಾಲು ಸುಮಾರು 71 ಕಿ.ಮೀ. 2022ರ ಮೇನಲ್ಲಿ ಅಡಿಗಲ್ಲು ಬಿತ್ತು, 2024ರ ಕೊನೆಯಲ್ಲಿ ನಮ್ಮ ಪಾಲಿನ ಮೇಲೆ ಗಾಡಿಗಳು ಓಡತೊಡಗಿದವು. ನಕಾಶೆಯಲ್ಲಿ ನೋಡಿದರೆ ಊರುಗಳ ಹಂಗೇ ಇಲ್ಲದಂತೆ ನೆಟ್ಟಗೆ ಹೋಗಿದೆ. ಅದಕ್ಕೆ ಎಂಜಿನಿಯರುಗಳ ಅಹಂಕಾರ ಕಾರಣವಲ್ಲ, ಭೌತವಿಜ್ಞಾನ ಕಾರಣ. ತಿರುವಿನಲ್ಲಿ ಗಾಡಿ ಹೊರಕ್ಕೆ ಜಾರದಿರಬೇಕಾದರೆ ತಿರುವಿನ ತ್ರಿಜ್ಯ ಎಷ್ಟಿರಬೇಕು ಎಂಬುದಕ್ಕೆ ಒಂದು ಲೆಕ್ಕವಿದೆ. ಗಂಟೆಗೆ ಇಷ್ಟು ಕಿಲೊಮೀಟರ್ ಎಂಬ ವೇಗವನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು 127ರಿಂದ ಭಾಗಿಸಿ. ಮತ್ತೆ ರಸ್ತೆಯ ಓರೆ ಮತ್ತು ಟೈರಿನ ಹಿಡಿತ ಇವೆರಡರ ಮೊತ್ತದಿಂದ ಭಾಗಿಸಿ. 30 ಕಿ.ಮೀ. ವೇಗಕ್ಕೆ ಓರೆ 0.07, ಹಿಡಿತ 0.15 ಎಂದಿಟ್ಟುಕೊಂಡರೆ 32 ಮೀಟರ್ ಬರುತ್ತದೆ. ಹಳ್ಳಿಯ ಅರಳಿಕಟ್ಟೆಯನ್ನು ಬಳಸಿಕೊಂಡು ಹೋಗಲು ಅಷ್ಟು ಸಾಕು. ಎಕ್ಸ್‌ಪ್ರೆಸ್‌ವೇಯನ್ನು ರೂಪಿಸಿರುವುದು 120 ಕಿ.ಮೀ. ವೇಗಕ್ಕೆ. ಆ ವೇಗದಲ್ಲಿ ಹಿಡಿತವನ್ನು 0.10ಕ್ಕಿಂತ ಹೆಚ್ಚು ನಂಬುವಂತಿಲ್ಲ. ಲೆಕ್ಕ ಹಾಕಿ: 667 ಮೀಟರ್. ವೇಗ ನಾಲ್ಕು ಪಟ್ಟಾದರೆ ತಿರುವು ಇಪ್ಪತ್ತು ಪಟ್ಟು ದೊಡ್ಡದಾಗುತ್ತದೆ. ಅಂಥ ರಸ್ತೆ ಒಂದು ಊರಿಗಾಗಿ ಬಾಗುವುದೆಂದರೆ ನಾಲ್ಕು ಊರಿನ ಹೊಲಗಳನ್ನು ನುಂಗುವುದು ಎಂದರ್ಥ.

ಬ್ರೇಕಿನ ಲೆಕ್ಕವೂ ಇಂಥದ್ದೇ. 120ರಲ್ಲಿ ಹೋಗುವವನು ಅಡ್ಡ ಬಂದ ಎಮ್ಮೆಯನ್ನು ಕಂಡು ಕಾಲು ಬ್ರೇಕಿಗೆ ಹೋಗುವ ಎರಡೂವರೆ ಸೆಕೆಂಡಿನಲ್ಲೇ 83 ಮೀಟರ್ ಕಳೆದಿರುತ್ತದೆ. ಆಮೇಲೆ ಗಾಡಿ ನಿಲ್ಲಲು ಸುಮಾರು 160 ಮೀಟರ್. ಒಟ್ಟು ಕಾಲು ಕಿಲೊಮೀಟರ್. ಆದ್ದರಿಂದಲೇ ಎಮ್ಮೆ, ಟ್ರಾಕ್ಟರ್, ಆಟೊ, ಬೈಕು ಯಾವುವೂ ಒಳಕ್ಕೆ ಬಾರದಂತೆ ಬೇಲಿ. ಹತ್ತುವ, ಇಳಿಯುವ ಜಾಗಗಳೂ ಎಣಿಸಿದಷ್ಟೇ, ಏಕೆಂದರೆ ಪ್ರತಿ ಹತ್ತುದಾರಿಯಲ್ಲೂ ನಿಧಾನದ ಗಾಡಿಗಳು ವೇಗದ ಸಾಲಿಗೆ ನುಗ್ಗುತ್ತವೆ. ತುಂಬಿದ ಒಂದು ಸಾಲಿನಲ್ಲಿ ಗಂಟೆಗೆ ಸುಮಾರು 2,000 ವಾಹನ ಸಾಗುತ್ತವೆ ಎಂದರೆ ಎರಡು ವಾಹನಗಳ ನಡುವಿನ ಬಿಡುವು 1.8 ಸೆಕೆಂಡ್. ಅದರೊಳಗೆ ಇನ್ನೊಂದು ಗಾಡಿ ತೂರಬೇಕು. ರಸ್ತೆ ಶಾಸ್ತ್ರದ ಹಳೆಯ ಚೌಕಾಸಿ ಇದು: ವೇಗ ಬೇಕೆಂದರೆ ಬಾಗಿಲು ಕಡಿಮೆ ಮಾಡಬೇಕು, ಬಾಗಿಲು ಬೇಕೆಂದರೆ ವೇಗ ಬಿಡಬೇಕು. ಮನೆಮುಂದಿನ ಓಣಿ ಒಂದು ಕೊನೆ, ಎಕ್ಸ್‌ಪ್ರೆಸ್‌ವೇ ಇನ್ನೊಂದು ಕೊನೆ.

ನಂಬರು ಅಂಟುವುದು ಗೆರೆಗೆ. ಊರಿಗೆ ದಕ್ಕುವುದು ಗಂಟು, ಅಂದರೆ ದಾರಿಗಳು ಕೂಡುವ ಜಾಗ. ಗೆರೆ ಎಷ್ಟು ಅಗಲ, ಎಷ್ಟು ನೆಟ್ಟಗೆ ಎಂಬುದನ್ನೇ ನಾವು ಕೊಂಡಾಡುತ್ತೇವೆ. ಜಾಲಗಳ ಗಣಿತಕ್ಕೆ ಬೇಕಾದದ್ದು ಗಂಟುಗಳೆಷ್ಟು, ಅವುಗಳ ನಡುವೆ ಸುತ್ತಿ ಬರಲು ಬಳಸುದಾರಿಗಳೆಷ್ಟು ಎಂಬುದು. ಜರ್ಮನಿಯ ಗುಸ್ತಾವ್ ಕಿರ್ಕಾಫ್ 1847ರಲ್ಲಿ ವಿದ್ಯುತ್ ತಂತಿಗಳ ಜಾಲಕ್ಕಾಗಿ ಕೊಟ್ಟ ಲೆಕ್ಕ ಇಲ್ಲಿಗೂ ಒಪ್ಪುತ್ತದೆ: ಗೆರೆಗಳ ಸಂಖ್ಯೆಯಲ್ಲಿ ಗಂಟುಗಳ ಸಂಖ್ಯೆಯನ್ನು ಕಳೆದು ಒಂದನ್ನು ಕೂಡಿಸಿ. ಬಂದದ್ದು ಸ್ವತಂತ್ರ ಬಳಸುದಾರಿಗಳ ಎಣಿಕೆ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ ನಂಬರಿನ ಕ್ರಾಸ್‌ಗಳಿರುವ ಚೌಕುಳಿ ಬಡಾವಣೆ. ಅಂಥ ಕಡೆ ಐದು ಉದ್ದ, ಐದು ಅಡ್ಡ ಬೀದಿಗಳ ಒಂದು ತುಂಡನ್ನು ತೆಗೆದುಕೊಳ್ಳಿ. ಗಂಟುಗಳು 25, ಅವುಗಳ ನಡುವಿನ ತುಂಡುಗಳು 40, ಬಳಸುದಾರಿಗಳು 16. ಒಂದು ಕ್ರಾಸಿನಲ್ಲಿ ಶಾಮಿಯಾನ ಹಾಕಿ ಮದುವೆ ನಡೆದರೂ ಹಾಲಿನ ಗಾಡಿ ಪಕ್ಕದ ಕ್ರಾಸಿನಲ್ಲಿ ಬರುತ್ತದೆ. ಈಗ ನಾಲ್ಕು ಹತ್ತಿಳಿಯುವ ಜಾಗಗಳಿರುವ ಒಂದು ಎಕ್ಸ್‌ಪ್ರೆಸ್‌ವೇ: ಗಂಟು 4, ತುಂಡು 3, ಬಳಸುದಾರಿ ಸೊನ್ನೆ. ನಡುವೆ ಲಾರಿ ಮಗುಚಿತೋ, ಹಿಂದಿದ್ದವರೆಲ್ಲ ಸೆರೆ.

ಗಂಟು ಎಂದರೇನು ಎಂದು ಬಂಗಾರಪೇಟೆಗಿಂತ ಚೆನ್ನಾಗಿ ಬಲ್ಲ ಊರು ಕರ್ನಾಟಕದಲ್ಲಿ ಕಡಿಮೆ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬನ ಹೆಸರು ಹೊತ್ತು ಬೌರಿಂಗ್‌ಪೇಟೆ ಆಗಿದ್ದ ಕಾಲದಿಂದಲೂ ಅದು ಬದುಕಿದ್ದು ಜಂಕ್ಷನ್ ಆಗಿ. 1864ರಲ್ಲಿ ಬೆಂಗಳೂರು-ಜೋಲಾರಪೇಟೆ ರೈಲುದಾರಿ ಬಂತು. 1894ರಲ್ಲಿ ಅದರಿಂದ ಮಾರಿಕುಪ್ಪಂವರೆಗೆ ಗಣಿಗಳಿಗಾಗಿಯೇ ಒಂದು ಕವಲು. 1913ರಲ್ಲಿ ಕೋಲಾರದ ಕಡೆಗೆ ನ್ಯಾರೋಗೇಜ್. ನಾಲ್ಕು ದಿಕ್ಕಿಗೂ ಹಳಿ ಇರುವ ಗಂಟು. ಕೆಜಿಎಫ್‌ನ ಗಣಿ ಮುಚ್ಚಿ ಕೆಲಸ ಹೋದ ಮೇಲೆ ಆ ಊರಿನ ಸಾವಿರಾರು ಜನ ಬೆಳಗಿನ ಮಾರಿಕುಪ್ಪಂ ಗಾಡಿ ಹತ್ತಿ ಬೆಂಗಳೂರಿನಲ್ಲಿ ದುಡಿದು ರಾತ್ರಿ ಮರಳುವುದು ಈ ಗಂಟಿನ ಪುಣ್ಯದಿಂದ. ಕೆಜಿಎಫ್‌ನ ನಿಜವಾದ ಮುಖ್ಯರಸ್ತೆ ಯಾವುದೆಂದರೆ ಆ ಹದಿನಾರು ಕಿಲೊಮೀಟರ್‌ನ ಕವಲು ಹಳಿಯೇ. ಬಂಗಾರಪೇಟೆಯ ಹೆಸರನ್ನು ಬೆಂಗಳೂರಿನ ಗಲ್ಲಿಗಲ್ಲಿಗೆ ಮುಟ್ಟಿಸಿದ್ದು ಅಲ್ಲಿನ ತಿಳಿನೀರಿನ ಪಾನಿಪುರಿ ಎಂಬುದು ಬೇರೆ ಮಾತು. ಆ ಸಾಧನೆ ಇನ್ನೂ ಯಾವ ಹೆದ್ದಾರಿಗೂ ಆಗಿಲ್ಲ.

ಈಗ ಕೆಳಕ್ಕಿಳಿಯೋಣ. ಕೋಲಾರದ ಚಿನ್ನ ಇದ್ದದ್ದು ಉತ್ತರ-ದಕ್ಷಿಣವಾಗಿ ಸುಮಾರು 80 ಕಿ.ಮೀ. ಹಬ್ಬಿದ ಹಳೆಯ ಶಿಲಾಪಟ್ಟಿಯಲ್ಲಿ, ಅದರೊಳಗೂ ತೆಳ್ಳಗೆ, ಹೆಚ್ಚುಕಡಿಮೆ ನೆಟ್ಟಗೆ ಕೆಳಗಿಳಿದ ಬೆಣಚುಕಲ್ಲಿನ ಎಳೆಗಳಲ್ಲಿ. ಅದನ್ನು ಹಿಂಬಾಲಿಸಲು ಮೊದಲು ಶಾಫ್ಟ್ ಎಂಬ ಬಾವಿ ತೋಡುತ್ತಾರೆ. ಕೇಜ್ ಎಂಬ ತೊಟ್ಟಿಲು ಅದರಲ್ಲಿ ಏರಿಳಿಯುತ್ತದೆ. ಸುಮಾರು ನೂರು ಅಡಿಗೊಂದರಂತೆ ಶಾಫ್ಟ್‌ನಿಂದ ಅಡ್ಡಡ್ಡಕ್ಕೆ ಸುರಂಗಗಳು ಹೊರಡುತ್ತವೆ. ಅವೇ ಲೆವೆಲ್‌ಗಳು. ಮೇಲಿನಿಂದ ಕೆಳಕ್ಕೆ ಒಂದು, ಎರಡು, ಮೂರು ಎಂದು ಎಣಿಕೆ. ಚಾಂಪಿಯನ್ ರೀಫ್ ಗಣಿಯಲ್ಲಿ ಈ ಎಣಿಕೆ ನೂರನ್ನು ದಾಟಿತ್ತು, ಆಳ 3,200 ಮೀಟರ್ ಮುಟ್ಟಿತ್ತು. ಕೆಜಿಎಫ್ ಎತ್ತರದ ಬಯಲಿನ ಮೇಲಿದ್ದರೂ ಅದರ ಗಣಿಯ ತಳ ಸಮುದ್ರಮಟ್ಟಕ್ಕಿಂತ ಎರಡು ಕಿಲೊಮೀಟರ್‌ಗೂ ಹೆಚ್ಚು ಕೆಳಗಿತ್ತು.

ಇಲ್ಲಿ ಕೆಲಸಗಾರನ ವಿಳಾಸ ಮೂರೇ ಮಾತು: ಯಾವ ಶಾಫ್ಟು, ಎಷ್ಟನೇ ಲೆವೆಲ್ಲು, ಉತ್ತರಕ್ಕೋ ದಕ್ಷಿಣಕ್ಕೋ. ಗಿಫರ್ಡ್ ಶಾಫ್ಟ್, ಎಡ್ಗರ್ ಶಾಫ್ಟ್ ಎಂದು ಬಾವಿಗಳಿಗೆ ದೊರೆಗಳ ಹೆಸರು. ದಾರಿಗಳಿಗೆ ಬರೀ ಅಂಕಿ. ಆದರೆ ಆ ಅಂಕಿ ಎಷ್ಟೆಲ್ಲ ಹೇಳುತ್ತಿತ್ತು ನೋಡಿ. ಅದನ್ನು ಮೂವತ್ತರಿಂದ ಗುಣಿಸಿದರೆ ಆಳ ಮೀಟರಿನಲ್ಲಿ ಸಿಕ್ಕಿತು. ಆಳ ಸಿಕ್ಕಿತೆಂದರೆ ಬಂಡೆಯ ಭಾರ ಸಿಕ್ಕಿತು: ನೂರನೇ ಲೆವೆಲ್ಲಿನಲ್ಲಿ ಮೂರು ಕಿಲೊಮೀಟರ್ ಕಲ್ಲು ತಲೆಯ ಮೇಲಿದ್ದು, ಅದರ ಒತ್ತಡ ನಮ್ಮ ವಾಯುಮಂಡಲದ ಒತ್ತಡದ ಎಂಟುನೂರು ಪಟ್ಟು ದಾಟುತ್ತದೆ. ಇಷ್ಟು ಒತ್ತಿ ಹಿಡಿದ ಬಂಡೆಯಲ್ಲಿ ಪೊಳ್ಳು ಮಾಡಿದರೆ ಅದು ಕೆಲವೊಮ್ಮೆ ಸಿಡಿದುಬಿಡುತ್ತದೆ. ರಾಕ್‌ಬರ್ಸ್ಟ್ ಎಂಬ ಈ ಸಿಡಿತ ಕೆಜಿಎಫ್‌ನ ನಿತ್ಯದ ಭಯವಾಗಿತ್ತು. 1962ರ ಡಿಸೆಂಬರಿನಲ್ಲಿ ಚಾಂಪಿಯನ್ ರೀಫ್‌ನ ಆಳದಲ್ಲಿ ಆದ ಸಿಡಿತ ನೆಲದ ಮೇಲಿನ ಕಟ್ಟಡಗಳನ್ನೂ ಬಿರುಕು ಬಿಡಿಸಿತ್ತು. ಬಂಡೆಯ ವರ್ತನೆಯನ್ನೇ ಅಧ್ಯಯನ ಮಾಡುವ ರಾಷ್ಟ್ರೀಯ ಶಿಲಾಯಾಂತ್ರಿಕ ಸಂಸ್ಥೆ 1988ರಲ್ಲಿ ಕೆಜಿಎಫ್‌ನಲ್ಲೇ ಹುಟ್ಟಿತು.

ಅದೇ ಅಂಕಿ ಸೆಕೆಯನ್ನೂ ಹೇಳುತ್ತಿತ್ತು. ತಳದ ಬಂಡೆಯ ಬಿಸಿ 65 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ. ಹಾಗಿದ್ದರೆ ಮೇಲಿನ ತಂಪು ಗಾಳಿಯನ್ನು ಕೆಳಕ್ಕೆ ನೂಕಿದರಾಯಿತಲ್ಲ ಎನ್ನಬಹುದು. ಅಲ್ಲೊಂದು ಎಡವಟ್ಟಿದೆ. ಗಾಳಿ ಕೆಳಗಿಳಿದಂತೆ ತನ್ನ ಮೇಲಿನ ಗಾಳಿಯ ಭಾರಕ್ಕೆ ಒತ್ತಿಹೋಗುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಒಣಗಾಳಿ ಪ್ರತಿ ಕಿಲೊಮೀಟರ್ ಇಳಿದಾಗಲೂ ಹತ್ತಿರ ಹತ್ತಿರ ಹತ್ತು ಡಿಗ್ರಿ ಏರುತ್ತದೆ. ನಂದಿಬೆಟ್ಟ ಹತ್ತಿದರೆ ತಂಪಾಗುವುದಕ್ಕೆ ಕಾರಣವಾದ ನಿಯಮವೇ ಇಲ್ಲಿ ತಲೆಕೆಳಗಾಗಿ ಕೆಲಸ ಮಾಡುತ್ತದೆ. ಶಾಫ್ಟ್‌ನ ಬಾಯಲ್ಲಿ 25 ಡಿಗ್ರಿ ಇದ್ದ ಒಣಗಾಳಿ ಯಾವ ಬಂಡೆಯನ್ನೂ ಮುಟ್ಟದೆ ಮೂರು ಕಿಲೊಮೀಟರ್ ಇಳಿದರೂ 54 ಡಿಗ್ರಿ ಆಗಿರುತ್ತದೆ. ಆದ್ದರಿಂದ ಚಾಂಪಿಯನ್ ರೀಫ್‌ನಲ್ಲಿ ಗಾಳಿ ತಂಪು ಮಾಡುವ ದೊಡ್ಡ ಯಂತ್ರಗಳನ್ನೇ ಕೂರಿಸಬೇಕಾಯಿತು.

ಬಳಸುದಾರಿಯ ಲೆಕ್ಕ ಇಲ್ಲಿ ಜೀವದ ಲೆಕ್ಕ. ಒಂದೇ ಬಾಯಿರುವ ಸುರಂಗದಲ್ಲಿ ಗಾಳಿ ಹರಿಯುವುದಿಲ್ಲ. ಒಂದು ಶಾಫ್ಟ್‌ನಲ್ಲಿ ಇಳಿದ ಗಾಳಿ ಲೆವೆಲ್‌ಗಳ ಮೂಲಕ ಸುತ್ತಿ ಇನ್ನೊಂದು ಶಾಫ್ಟ್‌ನಲ್ಲಿ ಮೇಲೇರಬೇಕು. ಮೇಲಿನ ಲೆವೆಲ್‌ನಿಂದ ಕೆಳಗಿನದಕ್ಕೆ ವಿಂಜ್ ಎಂಬ ಸಣ್ಣ ಬಾವಿಗಳನ್ನು ಕೊರೆಯುತ್ತಿದ್ದ ಕಾರಣಗಳಲ್ಲಿ ಇದೂ ಒಂದು. ಜಾಲದಲ್ಲಿ ಸುತ್ತುಗಳು ಹೆಚ್ಚಿದಷ್ಟು ಉಸಿರು ಹೆಚ್ಚು. ಕಿರ್ಕಾಫ್ ವಿದ್ಯುತ್ತಿಗೆ ಹೇಳಿದ ನಿಯಮಗಳ ಮಾದರಿಯಲ್ಲೇ ಗಣಿ ಎಂಜಿನಿಯರುಗಳು ಗಾಳಿಯ ಹರಿವಿಗೂ ಲೆಕ್ಕ ಹಾಕುತ್ತಾರೆ. 1902ರಲ್ಲಿ ಶಿವನಸಮುದ್ರದಿಂದ 148 ಕಿ.ಮೀ. ತಂತಿ ಎಳೆದು ವಿದ್ಯುತ್ ತಂದ ಊರಿನಲ್ಲಿ ಆ ಲೆಕ್ಕ ನೆಲದ ಮೇಲೂ ನಡೆದಿತ್ತು, ಕೆಳಗೂ. ಕೆಲಸಗಾರರು ಇರುವ ಭೂಗತ ಗಣಿಗೆ ಹೊರಬರಲು ಕನಿಷ್ಠ ಎರಡು ಬೇರೆಬೇರೆ ದಾರಿಗಳಿರಬೇಕು ಎಂಬುದು ನಮ್ಮ ಗಣಿ ಸುರಕ್ಷತಾ ನಿಯಮ. ಬಳಸುದಾರಿ ಸೊನ್ನೆಯಾದ ಜಾಲವನ್ನು ಕೆಳಗೆ ಕಾನೂನೇ ಒಪ್ಪುವುದಿಲ್ಲ.

ಆಳದ ಆ ಅಂಕಿಗೆ ಗಣಿಯವರಲ್ಲದೆ ಇನ್ನೊಂದು ಗಿರಾಕಿಯೂ ಇತ್ತು. ಆಕಾಶದಿಂದ ಸುರಿಯುವ ವಿಶ್ವಕಿರಣಗಳ ಗದ್ದಲವನ್ನು ಬಂಡೆ ಸೋಸುತ್ತದೆ. ಆಳಕ್ಕೆ ಹೋದಷ್ಟು ನಿಶ್ಶಬ್ದ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳು ಚಾಂಪಿಯನ್ ರೀಫ್‌ನಲ್ಲಿ 7,600 ಅಡಿ, ಅಂದರೆ 2.3 ಕಿ.ಮೀ. ಆಳದಲ್ಲಿ ಉಪಕರಣಗಳನ್ನು ಹೂಡಿ ಕುಳಿತರು. 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಅವರಿಗೆ ಸಿಕ್ಕಿತು. ಹೆಚ್ಚುಕಡಿಮೆ ಅದೇ ವೇಳೆಗೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಇನ್ನೊಂದು ತಂಡವೂ ಅದನ್ನೇ ಹಿಡಿದಿತ್ತು. ಇಂಥ ದಾಖಲೆ ಇರುವ ಸುರಂಗಗಳಲ್ಲಿ ಈಗ ನೀರು ನಿಂತಿದೆ. ಪಂಪು ನಿಂತ ಮೇಲೆ ಲೆವೆಲ್ ಲೆವೆಲ್ಲಾಗಿ ಮುಳುಗಿದವು.

ಮತ್ತೆ ಬಿಸಿಲಿಗೆ ಬಂದರೆ ಎನ್‌ಇ-7 ಹೊಳೆಯುತ್ತಿದೆ. ರಸ್ತೆ ತೆರೆದ ಹೊಸತರಲ್ಲಿ ಅಕ್ಕಪಕ್ಕದ ಹಳ್ಳಿಗಳ ಹುಡುಗರು ಬೈಕಿನಲ್ಲಿ ಹತ್ತಿದರು, ಅಪಘಾತಗಳಾದವು, ದ್ವಿಚಕ್ರ ವಾಹನಕ್ಕೆ ನಿಷೇಧ ಎಂದಾಯಿತು. ನಿಷೇಧ ಸರಿಯೇ, ಮೇಲಿನ ಬ್ರೇಕಿನ ಲೆಕ್ಕವೇ ಅದಕ್ಕೆ ಸಾಕ್ಷಿ. ಆದರೆ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವವನಿಗೆ, ಟೊಮೆಟೊ ಕ್ರೇಟು ಹೇರಿಕೊಂಡು ಕೋಲಾರದ ಮಂಡಿಗೆ ಹೋಗುವವನಿಗೆ ನೆಲದ ಮೇಲೆ ಬಂದು ಮಲಗಿದ ಈ ಗೆರೆ ಒಂದು ಅಡ್ಡಗೋಡೆ. ಅವನ ಜಾಲದಿಂದ ಕೆಲವು ತುಂಡುಗಳನ್ನು ಕತ್ತರಿಸಿ ಹಾಕಿದೆ, ಬದಲಿಗೆ ಅಲ್ಲೊಂದು ಇಲ್ಲೊಂದು ಅಂಡರ್‌ಪಾಸ್ ಕೊಟ್ಟಿದೆ. ಹತ್ತಿರದ ಅಂಡರ್‌ಪಾಸ್ ಒಂದು ಕಿಲೊಮೀಟರ್ ಆಚೆ ಇದ್ದರೆ ಎದುರಿನ ಹೊಲಕ್ಕೆ ಹೋಗಿಬರಲು ನಾಲ್ಕು ಕಿಲೊಮೀಟರ್ ತುಳಿಯಬೇಕು. ಬೆಂಗಳೂರು-ಚೆನ್ನೈ ನಡುವೆ ಉಳಿದ ಗಂಟೆಗಳನ್ನು ಎಣಿಸುವವರು ಈ ಕಿಲೊಮೀಟರುಗಳನ್ನು ಎಣಿಸಿದ್ದನ್ನು ನಾನು ಕಾಣೆ.

ನಿಮ್ಮ ತಾಲ್ಲೂಕಿಗೂ ಇಂಥದೊಂದು ನಂಬರು ಬರುವುದಿದ್ದರೆ ನಕಾಶೆಯಲ್ಲಿ ಲೇನುಗಳನ್ನು ಎಣಿಸುತ್ತ ಕೂರಬೇಡಿ. ಹತ್ತಿಳಿಯುವ ಜಾಗ ಎಲ್ಲಿದೆ, ಅಂಡರ್‌ಪಾಸ್ ಎಷ್ಟು ದೂರಕ್ಕೊಂದಿದೆ, ಸರ್ವಿಸ್ ರಸ್ತೆ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ ಎಂದು ನೋಡಿ, ಕಡಿಮೆ ಬಿದ್ದರೆ ಬರೆದು ಕೊಡಿ. ರಾಷ್ಟ್ರೀಯ ಹೆದ್ದಾರಿ ಕಾಯ್ದೆ, 1956ರ ಪ್ರಕಾರ ಭೂಸ್ವಾಧೀನದ ಅಧಿಸೂಚನೆ ಪ್ರಕಟವಾದಂದಿನಿಂದ ಆಕ್ಷೇಪಣೆ ಸಲ್ಲಿಸಲು ಇರುವ ಅವಧಿ 21 ದಿನ.